ಉಶ್ಶಣ್ಣನ ಎಡಗಾಲು

ಉಶ್ಶಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಾಲ್ತಿಯಲ್ಲಿರಲಿಲ್ಲ. ಗ್ರಂಥಾಲಯದ ಕೌಂಟರಿನಲ್ಲಿ ಕೂತು ಪುಸ್ತಕಗಳಿಗೆ ತಾರೀಖಿನ ಮೊಹರು ಒತ್ತುವುದು, ಯಾರಾದರೂ ಪಿಸುಗುಟ್ಟಿದರೆ ತುಟಿಗೆ ಬೆರಳಿಟ್ಟು ‘ಉಶ್’ ಎನ್ನುವುದು, ಇವೆರಡೇ ಅವನ ಕಸುಬು. ಜೋರಾಗಿ ಪುಟ ತಿರುಗಿಸಿದವರಿಗೂ ಅವನು ಉಶ್ ಎಂದದ್ದುಂಟು. ಒಮ್ಮೆ ಗೋಡೆ ಗಡಿಯಾರಕ್ಕೆ ಉಶ್ ಎಂದನಂತೆ, ಅದು ಹೆದರಿ ಅಂದಿನಿಂದ ನಿಂತೇಹೋಯಿತಂತೆ. ಇದನ್ನು ಪೂರ್ತಿ ನಂಬಬೇಕಾಗಿಲ್ಲ, ಗಡಿಯಾರದ ಸೆಲ್ಲು ಮುಗಿದಿತ್ತು.

ಇಂಥ ಮನುಷ್ಯನ ತಲೆಯ ಮೇಲೆಯೇ, ಅಂದರೆ ಮೇಲಿನ ಮನೆಗೇ, ಹೊಲಿಗೆಯಾಕೆ ಬಾಡಿಗೆಗೆ ಬಂದಳು. ಬಂದವಳು ಒಬ್ಬಳೇ ಬರಬೇಕಲ್ಲ? ಒಂದು ಹೊಲಿಗೆ ಮೆಷಿನ್ನು, ಒಂದು ಸ್ಪೀಕರು, ಆ ಸ್ಪೀಕರಿನೊಳಗೆ ಒಂದು ಹಾಡಿನ ಆಲ್ಬಮ್ಮು, ಎಲ್ಲವನ್ನೂ ಹೊತ್ತು ತಂದಳು. ಮಧ್ಯಾಹ್ನ ಊಟ ಮುಗಿಸಿ ಮೆಷಿನ್ನಿನ ಮುಂದೆ ಕೂತಳೆಂದರೆ ಕತ್ತಲಾಗುವವರೆಗೆ ಅದೇ ಆಲ್ಬಮ್ಮು. ಕಹಳೆ ‘ಪೇಂ ಪೇಂ’ ಎನ್ನುತ್ತಿತ್ತು, ಯಾರೋ ಚಪ್ಪಾಳೆ ತಟ್ಟುತ್ತಿದ್ದರು, ಯಾರೋ ಚಮಚದಿಂದ ಬಾಟಲಿ ಬಡಿಯುತ್ತಿದ್ದರು, ಇವೆಲ್ಲದರ ನಡುವೆ ಹುಡುಗನೊಬ್ಬ ಹಾಡುವುದನ್ನು ಬಿಟ್ಟು ತಾಳಕ್ಕೆ ಸರಿಯಾಗಿ ಬಡಬಡನೆ ಮಾತಾಡುತ್ತಿದ್ದ. ಬೆಳಿಗ್ಗೆಯ ಪಾಳಿ ಮುಗಿಸಿ ಮನೆಗೆ ಬಂದು ಕಾಲು ಚಾಚುವ ಉಶ್ಶಣ್ಣನಿಗೆ ಮೈಯೆಲ್ಲಾ ಉರಿದುಹೋಯಿತು.

“ಇದೇನು ಹಾಡೋ, ಜಗಳವೋ? ನಾನು ಸುಮ್ಮನಿರೋನಲ್ಲ!” ಎಂದು ನೇರವಾಗಿ ಪಕ್ಕದಲ್ಲೇ ವಾಸವಿದ್ದ ಕಟ್ಟಡದ ಓನರ್ ಹತ್ತಿರ ಹೋಗಿ ದೂರು ಕೊಟ್ಟ. ಕೆಳಗಿನ ಮನೆಯ ಡ್ರಿಲ್ ಮೇಷ್ಟ್ರನ್ನೂ ಎಳೆದುಕೊಂಡು ಹೋದ. ಮೇಷ್ಟ್ರು ನಿವೃತ್ತರಾಗಿ ಬಹಳ ಕಾಲವಾಗಿತ್ತು, ಎಲ್ಲಿಗೆ ಕರೆದರೂ ಎದೆಯುಬ್ಬಿಸಿ ಬರುವಷ್ಟು ಬಿಡುವಿತ್ತು. ಓನರ್ ಹೊಲಿಗೆಯಾಕೆಗೆ ಹೇಳಿ ನೋಡಿದ. ಅವಳು “ಆಯ್ತು ಸಾರ್, ಕಮ್ಮಿ ಮಾಡ್ತೀನಿ” ಎಂದಳು, ಕಮ್ಮಿಯನ್ನೂ ಮಾಡಿದಳು. ಆದರೆ ಆ ಮನೆಯ ಸೂರು ಎಷ್ಟು ತೆಳುವೆಂದರೆ ಮೇಲೆ ಸೂಜಿ ಬಿದ್ದರೆ ಕೆಳಗೆ ಎತ್ತಿಕೊಳ್ಳಬಹುದಿತ್ತು. ಉಶ್ಶಣ್ಣ ಮತ್ತೆ ದೂರು ಕೊಟ್ಟ. ಮತ್ತೆ ಮತ್ತೆ ಕೊಟ್ಟ. ಬೀದಿಯಲ್ಲಿ ಅವನು ಸದ್ದಿನ ವಿರುದ್ಧ ಹೋರಾಡುವ ನಾಯಕನಾದ, ಜನ ಕಂಡಲ್ಲಿ ಕೈಯೆತ್ತಿ ನಮಸ್ಕರಿಸತೊಡಗಿದರು.

ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆದಿತ್ತು. ಕೆಡಿಸಿದ್ದು ಅವನ ಎಡಗಾಲು.

ಒಂದು ಮಧ್ಯಾಹ್ನ ಹೆಂಡತಿ ಮಾರ್ಕೆಟ್ಟಿಗೆ ಹೋಗಿದ್ದಳು. ಉಶ್ಶಣ್ಣ ಕುರ್ಚಿಯಲ್ಲಿ ಕೂತು ಸೂರನ್ನು ದುರುಗುಟ್ಟಿ ನೋಡುತ್ತಾ, ಯಾವ ಮಾತಿನಿಂದ ಬೈದರೆ ಸರಿಯಾದೀತು ಎಂದು ಲೆಕ್ಕ ಹಾಕುತ್ತಿದ್ದ. ಬೈಯಬೇಕಾದರೆ ಕೇಳಬೇಕಲ್ಲ? ಅಷ್ಟು ದಿನ ಬರೀ ಸದ್ದಾಗಿ ಕೇಳಿಸುತ್ತಿದ್ದದ್ದು ಅಂದು ಮೊದಲ ಸಲ ಮಾತಾಗಿ ಕೇಳಿಸಿತು. ಮೇಲಿನ ಹುಡುಗ ಬಲು ಗಂಭೀರವಾಗಿ ಕೇಳಿದ:

“ಎಲ್ಲೋಯ್ತು ನನ್ನ ಎಡಗಾಲ್ —”

ಅಷ್ಟರಲ್ಲಿ ಹೊಲಿಗೆ ಮೆಷಿನ್ನು ‘ಗರ್ರ್’ ಎಂದಿತು. ಮುಂದಿನದು ಕೇಳಿಸಲಿಲ್ಲ. ಹಾಡು ಸುತ್ತು ಹಾಕಿ ಮತ್ತೆ ಅಲ್ಲಿಗೇ ಬಂತು. “ಎಲ್ಲೋಯ್ತು ನನ್ನ ಎಡಗಾಲ್ —” ಗರ್ರ್. ಎಡಗಾಲಿನ ಏನು? ಉಶ್ಶಣ್ಣ ಕುರ್ಚಿಯ ತುದಿಗೆ ಜರುಗಿದ. ಮೂರನೆಯ ಸಲವೂ ಗರ್ರ್. ಅವನಿಗೆ ರೇಗಿಹೋಯಿತು, ಆದರೆ ಹಾಡಿನ ಮೇಲಲ್ಲ, ಮೆಷಿನ್ನಿನ ಮೇಲೆ. “ಒಂದು ನಿಮಿಷ ನಿಲ್ಲಿಸಬಾರದಾ ತಾಯಿ!” ಎಂದು ಸೂರಿಗೆ ಕೂಗಿ, ತಾನೇನು ಕೂಗಿದೆನೆಂದು ತಿಳಿದು ಬಾಯಿ ಮುಚ್ಚಿಕೊಂಡ. ಆಮೇಲೆ ಕೆಳಗೆ ನೋಡಿದರೆ ಅವನ ಎಡಗಾಲು ನೆಲಕ್ಕೆ ಟಪಟಪ ಬಡಿಯುತ್ತಿತ್ತು. ಅದಕ್ಕೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಕೈಯಿಂದ ಮೊಣಕಾಲು ಒತ್ತಿ ಹಿಡಿದ. ಭುಜ ಕುಣಿಯಿತು.

ಆ ಹಾಡಿನಲ್ಲಿ ಯಾರನ್ನೂ ಬೈದಿರಲಿಲ್ಲ, ಯಾರೂ ತನ್ನ ದೊಡ್ಡಸ್ತಿಕೆ ಕೊಚ್ಚಿಕೊಂಡಿರಲಿಲ್ಲ. ಏನೋ ಒಂದು ಕಳೆದುಹೋಗಿತ್ತು, ಹುಡುಕುವವನಿಗೆ ಅದೇ ಒಂದು ಸಂಭ್ರಮವಾಗಿತ್ತು. ನಡುವೆ ಯಾರೋ ನಗು ತಡೆಯಲಾರದೆ ಕಿಸಕ್ಕೆಂದು ನಕ್ಕಿದ್ದರು, ಆ ನಗುವನ್ನೂ ಹಾಡಿನೊಳಗೆ ಹಾಗೇ ಬಿಟ್ಟುಬಿಟ್ಟಿದ್ದರು. ಉಶ್ಶಣ್ಣನಿಗೆ ಕಾರಣವೇ ಇಲ್ಲದೆ ಖುಷಿಯಾಯಿತು. ಎಷ್ಟೋ ಕಾಲದ ಮೇಲೆ ಆದ ಖುಷಿ, ಅದಕ್ಕೇ ಅವನು ಮೊದಲು ಎದೆನೋವೆಂದುಕೊಂಡು ನೀರು ಕುಡಿದ.

ಅಲ್ಲಿಂದ ಶುರುವಾಯಿತು ಚಡಪಡಿಕೆ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಮಲಗಿದರೆ ‘ಎಡಗಾಲಿನ ಏನು?’ ಎಂಬ ಪ್ರಶ್ನೆ. ಹೋಗಿ ಕೇಳೋಣವೆಂದರೆ ದೂರು ಕೊಟ್ಟ ನಾಯಕನೇ ಬಾಗಿಲು ತಟ್ಟಿ ‘ಅಮ್ಮಾ, ಹಾಡಿನ ಮುಂದಿನ ಸಾಲೇನು?’ ಎಂದರೆ ಮಾನ ಉಳಿದೀತೆ? ಕೊನೆಗೆ ಇನ್ನೊಂದು ಮಧ್ಯಾಹ್ನ, ಹೆಂಡತಿ ಮತ್ತೆ ಮಾರ್ಕೆಟ್ಟಿಗೆ ಹೋದಾಗ, ಅವನು ಊಟದ ಮೇಜಿನ ಮೇಲೆ ಸ್ಟೂಲಿಟ್ಟು, ಅದರ ಮೇಲೆ ಹತ್ತಿ, ಸ್ಟೀಲ್ ಲೋಟವನ್ನು ಸೂರಿಗೆ ಒತ್ತಿ, ಲೋಟದ ತಳಕ್ಕೆ ಕಿವಿಯಿಟ್ಟು ನಿಂತ.

ಆಗಲೇ ಹೆಂಡತಿ ತರಕಾರಿ ಚೀಲದೊಂದಿಗೆ ಒಳಗೆ ಬಂದಳು.

“ರೀ! ಏನ್ರೀ ಇದು? ಇಳೀರಿ ಮೊದ್ಲು! ಲೋಟಕ್ಕೂ ಸೂರಿಗೂ ಏನ್ರೀ ಸಂಬಂಧ?”

ಉಶ್ಶಣ್ಣ ತಬ್ಬಿಬ್ಬಾದ. ಲೋಟ ಇಳಿಸದೆಯೇ, “ಉಶ್! ಸಾಕ್ಷಿ... ಸಾಕ್ಷಿ ಸಂಗ್ರಹ ಮಾಡ್ತಿದ್ದೀನಿ ಕಣೇ” ಎಂದ.

ಹೆಂಡತಿಯ ಕಣ್ಣು ತುಂಬಿ ಬಂತು. ಅವಳು ಚೀಲವನ್ನು ಅಲ್ಲೇ ಇಟ್ಟು ಕೆಳಗಿಳಿದು ಹೋಗಿ ಡ್ರಿಲ್ ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ಓನರಿಗೆ ಹೇಳಿದರು. ಓನರ್ ಇಡೀ ಬೀದಿಗೆ ಹೇಳಿದ. ಸಂಜೆಯ ಹೊತ್ತಿಗೆ ಉಶ್ಶಣ್ಣ ನಮ್ಮೆಲ್ಲರ ನೆಮ್ಮದಿಗಾಗಿ ಪ್ರಾಣ ಪಣಕ್ಕಿಟ್ಟು ಸ್ಟೂಲ್ ಹತ್ತಿದ್ದಾನೆ ಎಂಬ ಸುದ್ದಿ ಹಾಲಿನವನ ಬಾಯಲ್ಲೂ ಇತ್ತು. ಮೇಷ್ಟ್ರು ತಮ್ಮ ಮನೆಯ ಏಣಿಯನ್ನೇ ಹೊತ್ತು ತಂದರು.

“ಸ್ಟೂಲ್ ಬೇಡ, ಜಾರ್ತದೆ. ಇದರ ಮೇಲೆ ನಿಂತು ಕೇಳಿ. ಎಷ್ಟು ಹೊತ್ತು ಬೇಕಾದ್ರೂ ಕೇಳಿ. ಬೇಜಾರಾದ್ರೆ ಹೇಳಿ, ನಾನೂ ಒಂದ್ ಪಾಳಿ ನಿಲ್ತೀನಿ” ಎಂದರು.

“ಬೇಡ ಬೇಡ! ಈ ಕಷ್ಟ ನನಗೊಬ್ಬನಿಗೇ ಇರ್ಲಿ” ಎಂದ ಉಶ್ಶಣ್ಣ. ಅದನ್ನು ಕೇಳಿ ಮೇಷ್ಟ್ರ ಎದೆ ಇನ್ನಷ್ಟು ಉಬ್ಬಿತು.

ಹೀಗೆ ಉಶ್ಶಣ್ಣನಿಗೆ ಆಲ್ಬಮ್ ಕೇಳಲು ಬೀದಿಯೇ ಒಪ್ಪಿಗೆ ಕೊಟ್ಟಂತಾಯಿತು. ಅವನು ದಿನಾ ಏಣಿ ಹತ್ತಿ ಕೇಳುತ್ತಿದ್ದ. ಮುರಿದ ಛತ್ರಿಯ ಬಗ್ಗೆ ಒಂದು ಹಾಡಿತ್ತು. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲಾರದವನು ಹೊದಿಕೆಯ ಜೊತೆ ಮಾತುಕತೆ ನಡೆಸುವ ಹಾಡೊಂದಿತ್ತು, ಅದರಲ್ಲಿ ಕೊನೆಗೆ ಹೊದಿಕೆಯೇ ಗೆಲ್ಲುತ್ತಿತ್ತು. ಎಲ್ಲವೂ ಕೇಳಿಸುತ್ತಿತ್ತು, ಎಡಗಾಲಿನ ಆ ಒಂದು ಸಾಲು ಬಿಟ್ಟು. ಅಲ್ಲಿಗೆ ಬಂದಾಗ ಮೆಷಿನ್ನು ತಪ್ಪದೆ ಗರ್ರ್ ಎನ್ನುತ್ತಿತ್ತು. ಅವನಿಗೇನು ಗೊತ್ತು, ಆ ಸಾಲು ಬಂದಾಗ ಮೇಲೆ ಹೊಲಿಗೆಯಾಕೆಯ ಕಾಲೂ ತಡೆಯಲಾರದೆ ಪೆಡಲನ್ನು ಒತ್ತಿಬಿಡುತ್ತಿತ್ತೆಂದು?

ಖುಷಿ ಒಳಗೇ ಇದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅದು ಕುತ್ತಿಗೆಗೆ ಏರಿತು. ಹಾಡು ಶುರುವಾದರೆ ಸಾಕು, ಉಶ್ಶಣ್ಣನ ತಲೆ ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು. ಹೆಂಡತಿ ಅದೇ ಹೊತ್ತಿಗೆ, “ರೀ, ನಮ್ಮಕ್ಕ ಬಂದು ರಜ ಮುಗಿಯೋ ತನಕ ಇಲ್ಲೇ ಇರ್ತಾಳಂತೆ, ಆಗ್ಬಹುದಾ?” ಎಂದಳು. ತಲೆ ಆಡಿತು. ಅವಳಿಗೆ ನಂಬಲಾಗಲಿಲ್ಲ. ಪರೀಕ್ಷೆ ಮಾಡೋಣವೆಂದು, “ಅಡುಗೆಮನೆಗೆ ನೇರಳೆ ಬಣ್ಣ ಹೊಡೆಸಲಾ?” ಎಂದಳು. ತಲೆ ಇನ್ನೂ ಜೋರಾಗಿ ಆಡಿತು. ಮದುವೆಯಾದ ಮೇಲೆ ಮೊದಲ ಸಲ ಗಂಡ ಇಷ್ಟು ಸಲೀಸಾಗಿ ಹೂಂ ಅಂದದ್ದು ಕಂಡು ಅವಳು ಮರುದಿನವೇ ಪೇಂಟರನ್ನು ಕರೆಸಿದಳು. ಅಡುಗೆಮನೆ ನೇರಳೆಯಾಯಿತು. ಉಶ್ಶಣ್ಣ ಅದನ್ನು ನೋಡಿದ, ಆದರೆ ಅವನ ಗಮನ ಅಲ್ಲಿರಲಿಲ್ಲ.

ಗ್ರಂಥಾಲಯದಲ್ಲಂತೂ ಕಥೆ ಕೆಟ್ಟುಹೋಯಿತು. ತಾರೀಖಿನ ಮೊಹರು ಮೊದಲಾದರೆ ‘ಠಪ್’ ಎಂದು ಬೀಳುತ್ತಿತ್ತು. ಈಗ ‘ಠಪ್ ಠಪ್, ಠಪಠಪ ಠಪ್’ ಎಂದು ಬೀಳತೊಡಗಿ, ಒಂದೇ ಪುಸ್ತಕದಲ್ಲಿ ಐದು ತಾರೀಖು ಒಂದರ ಮೇಲೊಂದು ಮೂಡಿದವು. ಓದುಗನೊಬ್ಬ “ಸಾರ್, ಯಾವತ್ತು ವಾಪಸ್ ಕೊಡ್ಲಿ?” ಎಂದು ಕೇಳಿದರೆ, “ಉಶ್, ಉಶ್, ಉಶುಶುಶ್ ಉಶ್!” ಎಂದ. ಆ ಓದುಗ ಪುಸ್ತಕ ಅಲ್ಲೇ ಬಿಟ್ಟು ಹೋದ. ಗ್ರಂಥಾಲಯದ ಹಿರಿಯ ಮೇಡಂ ಕನ್ನಡಕ ಮೇಲೇರಿಸಿ ಉಶ್ಶಣ್ಣನನ್ನು ಒಳಗೆ ಕರೆದರು.

“ಏನಾಗಿದೆ ನಿಮಗೆ? ಮೈಯಲ್ಲಿ ಹುಷಾರಿಲ್ವಾ?”

ಉಶ್ಶಣ್ಣ ಸುತ್ತಮುತ್ತ ನೋಡಿ, ದನಿ ತಗ್ಗಿಸಿ, “ಮೇಡಂ, ನೀವು ತುಂಬಾ ಓದಿದೋರು. ಮನುಷ್ಯನಿಗೆ ಎಡಗಾಲಿಂದು ಏನೇನು ಕಳೆದುಹೋಗಬಹುದು?” ಎಂದು ಕೇಳಿದ.

ಮೇಡಂ ಅವನ ಕಾಲುಗಳ ಕಡೆ ನೋಡಿದರು. ಎರಡೂ ಇದ್ದವು. ಒಂದು ಕುಣಿಯುತ್ತಿತ್ತು. “ನೀವು ಒಂದು ವಾರ ರಜ ತಗೊಳ್ಳಿ. ಡಾಕ್ಟರಿಗೂ ತೋರಿಸಿ. ಇದನ್ನ ಮಾತ್ರ ಯಾರ ಹತ್ರಾನೂ ಕೇಳ್ಬೇಡಿ” ಎಂದರು.

ಉಶ್ಶಣ್ಣನಿಗೆ ನರ ದೌರ್ಬಲ್ಯ ಎಂಬ ಸುದ್ದಿ ಬೀದಿಗೆ ಬಂತು. ಅದಕ್ಕೆ ಕಾರಣ ಮೇಲಿನ ಸದ್ದೇ ಎಂದು ಡ್ರಿಲ್ ಮೇಷ್ಟ್ರು ತೀರ್ಮಾನ ಕೊಟ್ಟರು. ಓನರಿಗೆ ಕರುಳು ಚುರುಕ್ಕೆಂದಿತು. ಅವನು ಸೀದಾ ನಗರಸಭೆಗೆ ಹೋಗಿ ಸದ್ದು ಅಳೆಯುವ ಅಧಿಕಾರಿಯನ್ನು ಗೊತ್ತು ಮಾಡಿ ಬಂದು, ಉಶ್ಶಣ್ಣನ ಹೆಗಲ ಮೇಲೆ ಕೈಯಿಟ್ಟು ಹೇಳಿದ:

“ನಿಮ್ಮ ಗೋಳು ನನ್ನಿಂದ ನೋಡಕ್ಕಾಗಲ್ಲ. ನಾಳೆ ಸಾಹೇಬರು ಬರ್ತಾರೆ. ನೀವೆಲ್ಲ ‘ತೊಂದ್ರೆ ಆಗ್ತಿದೆ’ ಅಂತ ಒಂದ್ ಮಾತು ಹೇಳಿ ಸಾಕು, ಆವಮ್ಮ ಈ ತಿಂಗಳೇ ಮನೆ ಖಾಲಿ ಮಾಡ್ತಾಳೆ. ಇನ್ಮೇಲೆ ನಿಮ್ಮ ಸೂರು ತಣ್ಣಗಿರ್ತದೆ.”

ಉಶ್ಶಣ್ಣ ಸೂರಿನ ಕಡೆ ನೋಡಿದ. ಅವಳು ಹೋದರೆ ಹಾಡೂ ಹೋಯಿತು. ಆಲ್ಬಮ್ಮಿನ ಹೆಸರು ಕೂಡ ಅವನಿಗೆ ಗೊತ್ತಿರಲಿಲ್ಲ, ಎಲ್ಲಿ ಸಿಗುತ್ತದೋ, ಯಾರು ಹಾಡಿದ್ದೋ, ಒಂದೂ ತಿಳಿಯದು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಆ ಹೆಣ್ಣುಮಗಳು ಈ ಬೀದಿಯಲ್ಲಿ ಈಗಷ್ಟೇ ನಾಲ್ಕು ಗಿರಾಕಿ ಹಿಡಿದಿದ್ದಳು. ಮೆಷಿನ್ನು ಹೊತ್ತುಕೊಂಡು ಇನ್ನೊಂದು ಬೀದಿಗೆ ಹೋಗಿ ಮತ್ತೆ ಮೊದಲಿಂದ ಶುರು ಮಾಡಬೇಕು, ಅದೂ ತನ್ನ ಬಾಯಿಂದ ಹೊರಟ ದೂರಿನಿಂದ. “ಅಯ್ಯೋ, ಇಷ್ಟೊಂದು ತೊಂದ್ರೆ ಯಾಕೆ ತಗೊಂಡ್ರಿ...” ಎಂದು ತೊದಲಿದ. “ತೊಂದ್ರೆ ಏನ್ ಬಂತು, ಅದು ನನ್ನ ಧರ್ಮ” ಎಂದ ಓನರ್. ಒಳ್ಳೆಯತನಕ್ಕೆ ಎದುರಾಡುವುದು ಉಶ್ಶಣ್ಣನಿಗೆ ಬಾರದು. ಅವನು ಅಂದು ಮನೆಯೊಳಗೆ ಎಷ್ಟು ಅಡ್ಡಾಡಿದನೆಂದರೆ ಕೆಳಗಿನಿಂದ ಡ್ರಿಲ್ ಮೇಷ್ಟ್ರು, “ಪಾಪ, ನರ ಜಾಸ್ತಿಯಾಗಿದೆ” ಎಂದು ನಿಟ್ಟುಸಿರು ಬಿಟ್ಟರು.

ಅಧಿಕಾರಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದೇ ಮುಖ. ಕೈಯಲ್ಲಿ ಟಾರ್ಚಿನಂಥ ಒಂದು ಯಂತ್ರ. ಅದನ್ನು ಉಶ್ಶಣ್ಣನ ಮನೆಯ ಮೇಜಿನ ಮೇಲಿಟ್ಟು, “ಎಲ್ಲಾ ಬನ್ನಿ, ಸುತ್ತ ನಿಲ್ಲಿ, ಯಾರೂ ಮಾತಾಡಕೂಡದು” ಎಂದರು. ಓನರ್ ನಿಂತ, ಮೇಷ್ಟ್ರು ಅಟೆನ್ಷನ್ನಿನಲ್ಲಿ ನಿಂತರು, ಹೆಂಡತಿ ಸೆರಗು ಬಿಗಿ ಮಾಡಿಕೊಂಡು ನಿಂತಳು. ಉಶ್ಶಣ್ಣ ಎಡಗಾಲಿನ ಮೇಲೆ ಬಲಗಾಲಿಟ್ಟು ಒತ್ತಿಕೊಂಡು ನಿಂತ. ಹೊಲಿಗೆಯಾಕೆಗೆ ದಿನಾ ಹಾಕುವಷ್ಟೇ ಸದ್ದಿಗೆ ಹಾಡು ಹಾಕಿ ಕೆಳಗೆ ಬರಲು ಹೇಳಿಕಳಿಸಿದ್ದರು. ಅವಳು ಬಂದು ಬಾಗಿಲ ಹತ್ತಿರ ನಿಂತಳು. ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು, ಮುಖ ಚಿಕ್ಕದಾಗಿತ್ತು. ಅವಳು ಇಲ್ಲಿದ್ದಳು ಅಂದಮೇಲೆ ಮೇಲೆ ಮೆಷಿನ್ನು ತುಳಿಯುವವರು ಯಾರೂ ಇರಲಿಲ್ಲ.

ಕಹಳೆ ಪೇಂ ಪೇಂ ಎಂದಿತು. ಚಪ್ಪಾಳೆ ಶುರುವಾಯಿತು. ಹುಡುಗ ಬಾಯಿಬಿಟ್ಟ. ಉಶ್ಶಣ್ಣ ಉಸಿರು ಬಿಗಿಹಿಡಿದ.

“ಎಲ್ಲೋಯ್ತು ನನ್ನ ಎಡಗಾಲ್ ಚಪ್ಪಲಿ?
ಬಲಗಾಲ್ ಕೇಳ್ತಿದೆ, ಏನಂತ ಹೇಳಲಿ?”

ಚಪ್ಪಲಿ! ಉಶ್ಶಣ್ಣನಿಗೆ ಬೆನ್ನ ಮೇಲಿನ ಮೂಟೆ ಇಳಿದಂತಾಯಿತು. ಬಲಗಾಲು ಕೇಳುತ್ತಿದೆಯಂತೆ! ಅವನ ತಲೆ ಮೇಲೆ ಕೆಳಗೆ ಆಡತೊಡಗಿತು. ಅದು ಸರಿಯೇ. ಆದರೆ ಪಕ್ಕದಲ್ಲಿ ನಿಂತ ಡ್ರಿಲ್ ಮೇಷ್ಟ್ರ ತಲೆಯೂ ಆಡುತ್ತಿತ್ತು. ಜೀವಮಾನವಿಡೀ ಲೆಫ್ಟು ರೈಟು ಎಂದವರು ಎಡಗಾಲು ಬಲಗಾಲಿನ ಹಾಡಿಗೆ ಹೇಗೆ ಸುಮ್ಮನಿದ್ದಾರು? ಓನರ್ ತಲೆ ಆಡುತ್ತಿತ್ತು, ಹೆಂಡತಿಯದೂ ಆಡುತ್ತಿತ್ತು. ಎಲ್ಲರೂ ಒಬ್ಬರನ್ನೊಬ್ಬರು ನೋಡದೆ, ಸೂರನ್ನೇ ನೋಡುತ್ತಾ, ಮುಖ ಗಂಟಿಕ್ಕಿಕೊಂಡೇ ತಲೆಯಾಡಿಸುತ್ತಿದ್ದರು.

ಅಧಿಕಾರಿ ಅದೇ ಹೊತ್ತಿಗೆ ಕಾಗದ ಹಿಡಿದು, “ಈ ಸದ್ದಿನಿಂದ ನಿಮಗೆ ತೊಂದರೆ ಆಗ್ತಿದೆಯಾ?” ಎಂದು ಕೇಳಿದರು.

ತಲೆಗಳು ಆಡಿದವು.

“ತುಂಬಾ ತೊಂದರೆಯಾ?”

ತಲೆಗಳು ಇನ್ನೂ ಜೋರಾಗಿ ಆಡಿದವು. ಕಹಳೆ ಬಂದಿತ್ತು.

“ಈಕೆ ಮನೆ ಖಾಲಿ ಮಾಡಬೇಕು ಅಂತೀರಾ?”

ನಾಲ್ಕೂ ತಲೆಗಳು ಒಟ್ಟಿಗೆ, ಅಚ್ಚುಕಟ್ಟಾಗಿ, ಮೇಲೆ ಕೆಳಗೆ ಆಡಿದವು. ಅಧಿಕಾರಿ “ಸರ್ವಾನುಮತ” ಎನ್ನುತ್ತಾ ಬರೆಯತೊಡಗಿದರು. ಹೊಲಿಗೆಯಾಕೆ ಕುತ್ತಿಗೆಯ ಟೇಪನ್ನು ತೆಗೆದು ಬೆರಳಿಗೆ ಸುತ್ತಿಕೊಳ್ಳುತ್ತಾ ಮೇಲೆ ಹೋಗಲು ತಿರುಗಿದಳು.

“ತಡೀರಿ ಸಾರ್!” ಎಂದು ಉಶ್ಶಣ್ಣ ಕಿರುಚಿದ. ಅವನು ಹುಟ್ಟಿದಾಗಿನಿಂದ ಅಷ್ಟು ದೊಡ್ಡದಾಗಿ ಕಿರುಚಿರಲಿಲ್ಲ. “ಬರೀಬೇಡಿ! ಅದು ಹೂಂ ಅಲ್ಲ!”

“ತಲೆ ಆಡಿಸಿದ್ರಲ್ಲ?”

“ಆಡಿಸಿದ್ವಿ. ಆದ್ರೆ ಹೂಂ ಅಂತ ಅಲ್ಲ.”

“ನೋಡ್ರೀ, ತಲೆ ಮೇಲೆ ಕೆಳಗೆ ಆಡಿದ್ರೆ ಹೌದು, ಪಕ್ಕಕ್ಕೆ ಆಡಿದ್ರೆ ಇಲ್ಲ. ನಮ್ಮ ಇಲಾಖೆಯಲ್ಲಿ ಇರೋದು ಎರಡೇ.”

“ಮೂರನೇದು ಒಂದಿದೆ ಸಾರ್. ತಾಳ.”

ಅಧಿಕಾರಿ ಪೆನ್ನು ಕೆಳಗಿಟ್ಟರು. “ಹೂಂಗೂ ತಾಳಕ್ಕೂ ವ್ಯತ್ಯಾಸ ಏನು? ತೋರಿಸಿ.”

ಉಶ್ಶಣ್ಣ ಒಂದು ಕ್ಷಣ ಸುತ್ತ ನೋಡಿದ. ನಾಯಕನೆಂದು ಕೈಯೆತ್ತಿ ನಮಸ್ಕರಿಸಿದವರೆಲ್ಲ ಅವನನ್ನೇ ನೋಡುತ್ತಿದ್ದರು. ಹೋದರೆ ಹೋಗಲಿ ಮಾನ ಎಂದುಕೊಂಡು ಬಲಗಾಲನ್ನು ಎತ್ತಿದ. ಬಿಡುಗಡೆಯಾದ ಎಡಗಾಲು ನೆಲಕ್ಕೆ ಬಡಿಯಿತು. ಭುಜ ಏರಿತು, ಸೊಂಟ ತಿರುಗಿತು. “ಇದು ಹೂಂ” ಎಂದು ಒಂದು ಸಲ ತಲೆಯಾಡಿಸಿ, “ಇದು ತಾಳ!” ಎನ್ನುತ್ತಾ ಮೇಜಿನ ಸುತ್ತ ಕುಣಿದುಕೊಂಡು ಹೋದ. ಯಂತ್ರದ ಮುಳ್ಳು ಗಾಬರಿಯಿಂದ ಒದ್ದಾಡಿತು. ಡ್ರಿಲ್ ಮೇಷ್ಟ್ರಿಗೆ ತಡೆಯಲಾಗಲಿಲ್ಲ, ನಿಂತಲ್ಲೇ ಕಾಲೆತ್ತಿ ಕುಟ್ಟುತ್ತಾ ಮಾರ್ಕ್ ಟೈಮ್ ಶುರು ಮಾಡಿದರು.

ಹೆಂಡತಿ ಮಾತ್ರ ಕೈ ಸೊಂಟದ ಮೇಲಿಟ್ಟು ಮುಂದೆ ಬಂದಳು. “ರೀ, ನಿಲ್ಲಿ. ನಮ್ಮಕ್ಕ ಬರ್ತಾಳೆ ಅಂದಾಗ ಆಡಿಸಿದ್ರಲ್ಲ, ಅದು ಹೂಂ ಅಂತಾನೋ, ತಾಳ ಅಂತಾನೋ?”

ಉಶ್ಶಣ್ಣನ ಮುಖ ಹುಳ್ಳಗಾಯಿತು. “ಯಾವ ಅಕ್ಕ?” ಎಂದ.

“ಹಾಗಾದ್ರೆ ಅಡುಗೆಮನೆ?”

“ಅದು... ನೇರಳೆ ಯಾಕಿದೆ ಅಂತ ನಾನೇ ಕೇಳ್ಬೇಕು ಅಂತಿದ್ದೆ.”

ಅಧಿಕಾರಿ ಮೇಜು ಕುಟ್ಟಿದರು. “ಸಂಸಾರದ ವಿಷಯ ಆಮೇಲೆ. ಬಾಯಿಬಿಟ್ಟು ಹೇಳಿ, ತೊಂದರೆ ಆಗ್ತಿದೆಯೋ ಇಲ್ಲವೋ?”

“ಇಲ್ಲ ಸಾರ್” ಎಂದ ಉಶ್ಶಣ್ಣ ಏದುಸಿರು ಬಿಡುತ್ತಾ. “ಸಂತೋಷ ಆಗ್ತಿದೆ. ದೂರು ಕೊಟ್ಟೋನು ನಾನೇ. ತಪ್ಪಾಯ್ತು.”

“ಸಂತೋಷಕ್ಕೆ ನಮ್ಮಲ್ಲಿ ಕಾಲಂ ಇಲ್ಲ” ಎಂದು ಗೊಣಗಿ, ಅಧಿಕಾರಿ ಬರೆದದ್ದನ್ನು ಹೊಡೆದುಹಾಕಿ ‘ತೊಂದರೆ ಇಲ್ಲ’ ಎಂದು ಬರೆದರು. ಹೋಗುವಾಗ ಬಾಗಿಲಲ್ಲಿ ನಿಂತು ಹೊಲಿಗೆಯಾಕೆಯನ್ನು ದನಿ ತಗ್ಗಿಸಿ ಏನೋ ಕೇಳಿದರು. ಅವಳು ಆಲ್ಬಮ್ಮಿನ ಹೆಸರು ಹೇಳಿದಳು. ಅದನ್ನು ಅವರು ಅಂಗೈ ಮೇಲೆ ಬರೆದುಕೊಂಡರು.

ಹೊಲಿಗೆಯಾಕೆಯ ಕಣ್ಣಲ್ಲಿ ನೀರಿತ್ತು. “ನೀವು ದೊಡ್ಡ ಮನಸ್ಸು ಮಾಡಿದ್ರಿ ಅಣ್ಣಾ. ನಾನಿಲ್ಲೇ ಇರೋ ಹಾಗೆ ಆಯ್ತು. ಇನ್ಮೇಲೆ ನಿಮಗ್ಯಾರಿಗೂ ಒಂಚೂರೂ ಸದ್ದು ಕೇಳಿಸದ ಹಾಗೆ ನೋಡ್ಕೋತೀನಿ, ಆಣೆ!” ಎಂದು ಕೈಮುಗಿದು ಹೋದಳು.

ಅವಳು ಮಾತಿಗೆ ತಪ್ಪುವವಳಲ್ಲ. ಅಂದೇ ಕಿವಿಗೆ ಹಾಕುವ ಇಯರ್‌ಫೋನು ತಂದಳು, ಮೆಷಿನ್ನಿನ ಕೆಳಗೆ ದಪ್ಪನೆಯ ಹಳೆಯ ಕಂಬಳಿ ಮಡಚಿ ಹಾಕಿದಳು. ಮನೆ ತಣ್ಣಗಾಯಿತು. ಉಶ್ಶಣ್ಣ ಏಣಿ ಹತ್ತಿದ, ಲೋಟ ಇಟ್ಟ, ಏನೂ ಇಲ್ಲ. ಲೋಟ ಬದಲಾಯಿಸಿದ, ಆಗಲೂ ಇಲ್ಲ. ಹೊರಗೆ ಹೋಗಿ ಬಂದ, ಕೂತ, ಎದ್ದ, ನೇರಳೆ ಅಡುಗೆಮನೆಗೆ ಹೋಗಿ ಯಾಕೆ ಬಂದೆನೆಂದು ಮರೆತು ವಾಪಸ್ ಬಂದ. ತಾನೇ ಬೇಡಿ ಬೇಡಿ ಪಡೆದ ಮೌನ ಅವನನ್ನು ಚೆನ್ನಾಗಿ ಅರೆಯಿತು. ಹೋಗಿ ‘ಹಾಡು ಹಾಕಮ್ಮಾ’ ಎನ್ನೋಣವೆಂದರೆ, ಅವಳನ್ನು ಅಷ್ಟು ಗೋಳಾಡಿಸಿದವನಿಗೆ ಯಾವ ಮುಖವಿತ್ತು?

ಕೊನೆಗೆ ಒಂದು ಸಂಜೆ ಒಂದು ಉಪಾಯ ಹೊಳೆಯಿತು. ಚೆನ್ನಾಗಿದ್ದ ಪ್ಯಾಂಟಿನ ಹೊಲಿಗೆಯನ್ನು ತಾನೇ ಪರ್ರನೆ ಬಿಚ್ಚಿ, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿದ. ಅರ್ಧ ಹತ್ತುವಷ್ಟರಲ್ಲಿ ಎದುರಿಗೆ ಯಾರದೋ ಬೆನ್ನು. ಡ್ರಿಲ್ ಮೇಷ್ಟ್ರು ಅಂಚಿನ ಹೊಲಿಗೆ ಬಿಚ್ಚಿದ ಕಿಟಕಿಯ ಪರದೆ ಹಿಡಿದು ನಿಂತಿದ್ದರು. ಅವರ ಮುಂದೆ ಓನರ್, ಕೈಯಲ್ಲಿ ಹರಿದ ದಿಂಬಿನ ಚೀಲ. ಎಲ್ಲರಿಗಿಂತ ಮುಂದೆ, ಬಾಗಿಲಿಗೆ ಒತ್ತಿಕೊಂಡೇ ನಿಂತಿದ್ದವಳು ಅವನ ಹೆಂಡತಿ. ಅವಳ ಕೈಯಲ್ಲಿ ಕಳೆದ ವಾರವಷ್ಟೇ ಹೊಲಿಸಿದ ಹೊಸ ರವಿಕೆಯ ತೋಳು ಒಂದು ಕಡೆ, ರವಿಕೆ ಒಂದು ಕಡೆ ಇತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಬಾಗಿಲು ತೆರೆಯಿತು. ಹೊಲಿಗೆಯಾಕೆ ಒಂದು ಕಿವಿಯ ಇಯರ್‌ಫೋನು ತೆಗೆದು ಈ ಸಾಲನ್ನು ನೋಡಿ ಗಾಬರಿಯಾದಳು. “ಅಯ್ಯೋ, ಎಲ್ಲಾ ಒಟ್ಟಿಗೆ ಬಂದಿದ್ದೀರಾ? ಈಗಲೂ ಸದ್ದು ಬರ್ತಿದೆಯಾ?”

ಓನರ್ ಕೆಮ್ಮಿದ. ಮೇಷ್ಟ್ರು ಪರದೆ ಮಡಚಿದರು. ಹೆಂಡತಿ ತಿರುಗಿ ಗಂಡನನ್ನು ನೋಡಿ, ‘ಹೇಳ್ರೀ’ ಎಂಬಂತೆ ಹುಬ್ಬು ಹಾರಿಸಿದಳು.

“ಬರ್ತಿಲ್ಲ ಕಣಮ್ಮಾ” ಎಂದ ಉಶ್ಶಣ್ಣ. “ಅದೇ ನಮ್ಮ ದೂರು. ಸದ್ದು ಬರ್ತಿಲ್ಲ, ಬದುಕೋಕಾಗ್ತಿಲ್ಲ. ದಯವಿಟ್ಟು ಹಾಕು.”

ಹೊಲಿಗೆಯಾಕೆ ಅವನನ್ನು ನೋಡಿದಳು, ಹರಿದ ಬಟ್ಟೆಗಳನ್ನು ನೋಡಿದಳು, ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಆಮೇಲೆ ಇಯರ್‌ಫೋನಿನ ವೈರು ಹಿಡಿದು ಸ್ಪೀಕರಿನಿಂದ ಕಿತ್ತಳು. ಕಹಳೆ ಮೆಟ್ಟಿಲ ತುಂಬಾ ಮೊಳಗಿತು. ಪರದೆ, ದಿಂಬಿನ ಚೀಲ, ರವಿಕೆ, ಪ್ಯಾಂಟು ಎಲ್ಲವೂ ಗಾಳಿಗೆ ಹಾರಿದವು. ಮೇಷ್ಟ್ರು ಕುಣಿದರು, ಹೆಂಡತಿ ಕುಣಿದಳು, ಉಶ್ಶಣ್ಣ ಎರಡೂ ಕಾಲಲ್ಲಿ ಕುಣಿದ. “ಮೆಟ್ಟಿಲು ಹಳೇದು ಕಣ್ರಪ್ಪಾ, ಮೆಲ್ಲಗೆ, ಬಿದ್ದುಹೋಗ್ತದೆ!” ಎಂದು ಕೂಗುತ್ತಿದ್ದ ಓನರೇ ಎಲ್ಲರಿಗಿಂತ ಎತ್ತರಕ್ಕೆ ಹಾರುತ್ತಿದ್ದ.